ಗೋಪುರಕ್ಕೆ ಸಾರುವೆ: ಸರ್ವೆ ಮರವೋ, ಪೈಪೋ, ಬೂಮ್ ಲಿಫ್ಟೋ?

ಪ್ರಶ್ನೆ: ನಮ್ಮದು ಮಂಡ್ಯ ಜಿಲ್ಲೆಯ ಸಣ್ಣ ಊರು. ದೇವಸ್ಥಾನದ ಗೋಪುರ ಸುಮಾರು 60 ಅಡಿ ಎತ್ತರ ಇದೆ. ಕೆಳಗಿನ 20 ಅಡಿ ಕಲ್ಲು, ಅದರ ಮೇಲೆ ಐದು ಅಂತಸ್ತು ಇಟ್ಟಿಗೆ ಮತ್ತು ಗಾರೆ ಗೊಂಬೆಗಳು. ಅಲ್ಲಲ್ಲಿ ಅರಳಿ ಗಿಡ ಎದ್ದಿದೆ. ಗೊಂಬೆಗಳ ಕೈಕಾಲು ಉದುರುತ್ತಿವೆ. ಉತ್ತರದ ಬದಿಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಟ್ಟಿದೆ. ದುರಸ್ತಿ ಮಾಡಿಸಬೇಕು ಅಂತ ಸಮಿತಿ ತೀರ್ಮಾನ ಮಾಡಿದೆ. ಆದರೆ ಮೇಲೆ ಹತ್ತುವುದು ಹೇಗೆ ಅನ್ನುವುದರಲ್ಲೇ ಜಗಳ. ನಮ್ಮ ಹಳೇ ಮೇಸ್ತ್ರಿ ಸರ್ವೆ ಮರ, ತೆಂಗಿನ ಹಗ್ಗ ಸಾಕು ಅನ್ನುತ್ತಾರೆ. ಕಬ್ಬಿಣ ಮುಟ್ಟಿಸಿದರೆ ಗೋಪುರಕ್ಕೆ ಕೇಡು ಅಂತಲೂ ಹೇಳುತ್ತಾರೆ. ಗುತ್ತಿಗೆದಾರರೊಬ್ಬರು ಪೈಪ್ ಸಾರುವೆ ನಿಲ್ಲಿಸಿ, ಗೋಡೆಗೆ 40 ಬೋಲ್ಟ್ ಹೊಡೆದು ಬಿಗಿಯುತ್ತೇವೆ ಅನ್ನುತ್ತಾರೆ. ಊರಿನ ಹುಡುಗರು ಬೂಮ್ ಲಿಫ್ಟ್ (ಉದ್ದ ತೋಳಿನ ತುದಿಯ ಬುಟ್ಟಿಯಲ್ಲಿ ಜನರನ್ನು ಮೇಲೇರಿಸುವ ಯಂತ್ರ) ತರಿಸಿದರೆ ಎರಡೇ ವಾರದ ಕೆಲಸ ಅನ್ನುತ್ತಾರೆ. ಮಾರ್ಚ್‌ನಲ್ಲಿ ತೇರು. ಅಷ್ಟರೊಳಗೆ ಮುಗಿಯಬೇಕು. ಗೋಪುರಕ್ಕೂ ಏನೂ ಆಗಬಾರದು, ಜನಕ್ಕೂ ಏನೂ ಆಗಬಾರದು. ಯಾವುದು ಸರಿ?

ಉತ್ತರ: ನಿಮ್ಮ ಪತ್ರ ಓದುತ್ತಾ ಬಂದವನು ‘40 ಬೋಲ್ಟ್’ ಅನ್ನುವ ಕಡೆ ನಿಂತುಬಿಟ್ಟೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಬೋಲ್ಟ್ ಕತೆ ನನಗೆ ಚೆನ್ನಾಗಿ ಗೊತ್ತು. ಸುಮಾರು 20 ವರ್ಷದ ಹಿಂದೆ ಒಂದು ಹಳೇ ಕಟ್ಟಡಕ್ಕೆ ಇದೇ ಥರ ಬೋಲ್ಟ್ ಹೊಡೆಯಲು ಒಪ್ಪಿ ಸಹಿ ಹಾಕಿದವನು ನಾನೇ. ಕೆಲಸ ಮುಗಿದ ಮೇಲೆ ಬೋಲ್ಟಿನ ತಲೆ ಕತ್ತರಿಸಿ, ಮೇಲೆ ಗಾರೆ ಮೆತ್ತಿದರು. ನೋಡಲು ಏನೂ ಕಾಣುತ್ತಿರಲಿಲ್ಲ. ಆರೇಳು ಮಳೆಗಾಲ ಆದ ಮೇಲೆ ಹೋಗಿ ನೋಡಿದೆ. ಗೋಡೆ ಉದ್ದಕ್ಕೂ ಸಾಲಾಗಿ ಕಂದು ಕಲೆ. ಪ್ರತಿ ಕಲೆಯ ನಡುವೆ ಅಂಗೈ ಅಗಲ ಗಾರೆ ಎದ್ದು ಹೊರಗೆ ಬಂದಿತ್ತು. ಕಬ್ಬಿಣ ತುಕ್ಕು ಹಿಡಿದರೆ ಊದಿಕೊಳ್ಳುತ್ತದೆ, ಸುತ್ತ ಇರುವುದನ್ನು ಒಡೆದು ಜಾಗ ಮಾಡಿಕೊಳ್ಳುತ್ತದೆ. ಅದಕ್ಕೂ ಮೊದಲೇ ಇನ್ನೊಂದು ಪೆಟ್ಟು ಬಿದ್ದಿರುತ್ತದೆ. ಈ ಬೋಲ್ಟ್‌ಗಳು ಹಿಡಿಯುವುದೇ ತೂತಿನೊಳಗೆ ಅಗಲವಾಗಿ, ಸುತ್ತ ಒತ್ತಿ. ಕಾಂಕ್ರೀಟ್ ಆ ಒತ್ತಡ ತಡೆಯುತ್ತದೆ. ಸುಣ್ಣದಲ್ಲಿ ಕಟ್ಟಿದ ಹಳೇ ತೆಳು ಇಟ್ಟಿಗೆ ಸೀಳುತ್ತದೆ. ಸೀಳಿದ ಇಟ್ಟಿಗೆಯಲ್ಲಿ ಬೋಲ್ಟ್ ಸುಮ್ನೆ ಕೂತಿರುತ್ತದೆ ಅಷ್ಟೆ, ಹಿಡಿದಿರುವುದಿಲ್ಲ. ಅಂದರೆ ಗೋಪುರಕ್ಕೂ ಗಾಯ, ಮೇಲೆ ನಿಂತವನಿಗೂ ಸುಳ್ಳು ಧೈರ್ಯ.

ಈಗ ನಿಮ್ಮ ಮೂರು ಅಭಿಪ್ರಾಯಗಳಿಗೆ ಬರೋಣ. ಮೂವರೂ ಎತ್ತರದ ಬಗ್ಗೆ ಮಾತಾಡುತ್ತಿದ್ದಾರೆ. 60 ಅಡಿಗೆ ಏರಿಸುವ ದಾರಿ ಬೇಕಾದಷ್ಟಿವೆ. ಹಳೇ ಕಟ್ಟಡದ ಮುಂದೆ ನಿಂತಾಗ ನಾನು ಕೇಳಿಕೊಳ್ಳುವುದು ಬೇರೆ. ಕೆಳಗಿಳಿಯುವ ಭಾರ ಎಲ್ಲಿಗೆ ಹೋಗುತ್ತದೆ? ಪಕ್ಕದಿಂದ ತಳ್ಳುವ ಗಾಳಿಯನ್ನು ಯಾರು ತಡೆಯುತ್ತಾರೆ? ಕೆಲಸಗಾರನ ಎರಡೂ ಕೈ ಆ ಜಾಗದಲ್ಲಿ ಎಷ್ಟು ದಿನ ಇರಬೇಕು? ಇವಕ್ಕೆ ಉತ್ತರ ಸಿಕ್ಕರೆ ಸಲಕರಣೆ ಯಾವುದು ಅಂತ ತಾನಾಗಿ ಗೊತ್ತಾಗುತ್ತದೆ. ಮೊದಲ ಎರಡು ಪ್ರಶ್ನೆಗೆ ‘ಗೋಪುರ’ ಅನ್ನುವ ಉತ್ತರ ಬರಬಾರದು. ನಿಮ್ಮ ಗೋಪುರ ತನ್ನ ಭಾರವನ್ನೇ ಕಷ್ಟಪಟ್ಟು ಹೊರುತ್ತಿದೆ.

ಕಬ್ಬಿಣ ಮುಟ್ಟಿಸಬಾರದೇ?

ಮೇಸ್ತ್ರಿಯವರ ಮಾತಿನಲ್ಲಿ ಅರ್ಧ ನಿಜ ಇದೆ, ಹಗುರವಾಗಿ ತೆಗೆದುಕೊಳ್ಳಬೇಡಿ. ಗೋಡೆಯೊಳಗೆ ಹೋದ ಕಬ್ಬಿಣ ಕೇಡು ಮಾಡುತ್ತದೆ, ಮೇಲೆ ಹೇಳಿದೆನಲ್ಲ. ತುಕ್ಕು ಹಿಡಿದ ಪೈಪಿನಿಂದ ಮಳೆನೀರು ಇಳಿದರೆ ಗಾರೆ ಮೇಲೆ ಕಲೆ ಆಗುತ್ತದೆ, ಸುಲಭಕ್ಕೆ ಹೋಗುವುದಿಲ್ಲ. ಪೈಪಿನ ತುದಿ ಒಂದು ಸಲ ತಾಗಿದರೆ ಗೊಂಬೆಯ ಮೂಗು ಹೋಯಿತು. ಆದರೆ ಗೋಪುರದಿಂದ ಒಂದು ಗೇಣು ದೂರದಲ್ಲಿ ನಿಂತಿರುವ ಜಿಐ ಪೈಪ್ (ಸತು ಲೇಪಿಸಿದ ಕಬ್ಬಿಣದ ಪೈಪ್) ಅದಕ್ಕೆ ಏನೂ ಮಾಡುವುದಿಲ್ಲ. ಕೇಡು ಬರುವುದು ತಾಗುವ ಜಾಗದಿಂದ. ಮರವಾದರೂ ಅಷ್ಟೆ. ಸರ್ವೆ ಕಂಬ ಗಾರೆಗೆ ಒರಗಿ ಗಾಳಿಗೆ ಉಜ್ಜುತ್ತಿದ್ದರೆ ಒಂದು ತಿಂಗಳಲ್ಲಿ ಬಳ್ಳಿಯ ಕೆತ್ತನೆ ಸವೆದು ಹೋಗುತ್ತದೆ.

ಸರ್ವೆ ಮರದ ಸಾರುವೆ ಬಗ್ಗೆ ನನಗೆ ಗೌರವ ಇದೆ. ಒಳ್ಳೆಯ ತಂಡ ಕಟ್ಟಿದರೆ ಅದು ಗೋಪುರದ ಮೈಗೆ ಹೊಂದಿಕೊಂಡು ಮೇಲೇರುತ್ತದೆ. ಮರ ಹಗುರ, ಮೆತ್ತಗೆ, ಎಲ್ಲಿ ಬೇಕೋ ಅಲ್ಲಿ ಕಟ್ಟಬಹುದು. ತಮಿಳುನಾಡಿನಲ್ಲಿ ಕುಂಭಾಭಿಷೇಕಕ್ಕೆ ಮೊದಲು ಎಷ್ಟೋ ಗೋಪುರಗಳಿಗೆ ಈಗಲೂ ಹೀಗೇ ಕಟ್ಟುತ್ತಾರೆ. ಹಾಗಾದರೆ ನಿಮಗೇಕೆ ಬೇಡ ಅನ್ನುತ್ತೇನೆ?

ಒಂದು, ಗಂಟು. 60 ಅಡಿ ಏರಬೇಕಾದರೆ ಒಂದರ ಮೇಲೊಂದು ಮೂರ್ನಾಲ್ಕು ಕಂಬ ಜೋಡಿಸಿ ಕಟ್ಟಬೇಕು. ಭಾರ ಇಳಿಯುವುದು ಹಗ್ಗದ ಗಂಟುಗಳ ಮೂಲಕ. ನಾರಿನ ಹಗ್ಗ ನೆನೆದಾಗ ಒಂದು ಥರ, ಒಣಗಿದಾಗ ಇನ್ನೊಂದು ಥರ. ಕಟ್ಟಿದ ದಿನ ಬಿಗಿಯಾಗಿದ್ದದ್ದು ಮೂರನೇ ವಾರಕ್ಕೆ ಬೆರಳು ತೂರುವಷ್ಟು ಸಡಿಲ ಆಗಿರುತ್ತದೆ. ದಿನಾ ನೋಡಿ ಬಿಗಿಯುವವರಿದ್ದರೆ ಸರಿ. ಎರಡು, ಕಂಬ. ಬಾಡಿಗೆ ಕಂಬ ಎಷ್ಟು ಮಳೆ ಕಂಡಿದೆ, ಒಳಗೆ ಹುಳ ತಿಂದಿದೆಯೋ ಇಲ್ಲವೋ ಹೊರಗಿನಿಂದ ಗೊತ್ತಾಗುವುದಿಲ್ಲ. ಮೂರು, ನನಗೆ ಮುಖ್ಯವಾದದ್ದು: ಇಂಥ ಸಾರುವೆ ತಾನಾಗಿ ನಿಲ್ಲುವುದು ಕಡಿಮೆ. ಅಲ್ಲಲ್ಲಿ ಗೋಪುರದ ಮೇಲೇ ಅಡ್ಡ ಮರ ಊರಿ, ಗೊಂಬೆಯ ಸೊಂಟಕ್ಕೆ ಹಗ್ಗ ಸುತ್ತಿ ನಿಲ್ಲಿಸುತ್ತಾರೆ. ಬಿರುಕು ಇಲ್ಲದ ಗೋಪುರ ಅದನ್ನು ತಡೆಯಬಹುದು.

‘ಹಿಂದಿನವರು ಸಾರುವೆಗೆ ಅಂತಲೇ ಗೋಡೆಯಲ್ಲಿ ಚೌಕದ ತೂತು ಬಿಟ್ಟಿದ್ದಾರೆ, ಅದರಲ್ಲೇ ಮರ ತೂರಿಸೋಣ’ ಎಂದೂ ಯಾರಾದರೂ ಹೇಳಬಹುದು. ಹಳೇ ಕಟ್ಟಡಗಳಲ್ಲಿ ಅಂಥ ತೂತುಗಳು ಇರುವುದು ನಿಜ. ಕಟ್ಟುವಾಗ ಅವು ಗಟ್ಟಿ ಗೋಡೆಯಲ್ಲಿದ್ದವು. ಈಗ ಅಂಚು ಸವೆದಿದೆ, ಪಾರಿವಾಳ ಗೂಡು ಕಟ್ಟಿದೆ, ನೀರು ಇಳಿದಿದೆ. ಅವುಗಳ ಮೇಲೆ ಭಾರ ಹಾಕಬೇಡಿ.

10–12 ಅಡಿಯ ಪೌಳಿ ಗೋಡೆಗೆ, ಪಾಕಶಾಲೆಯ ಮಾಡಿಗೆ ಮೇಸ್ತ್ರಿಯವರ ಸರ್ವೆ ಸಾರುವೆಯೇ ಧಾರಾಳ. ಅಲ್ಲಿ ಪೈಪ್ ತರಿಸಿ ದುಡ್ಡು ಹಾಳು ಮಾಡಬೇಡಿ.

ಬೂಮ್ ಲಿಫ್ಟ್

ಹುಡುಗರ ವಾದದಲ್ಲಿ ಗಟ್ಟಿ ಅಂಶ ಒಂದಿದೆ. ಬೂಮ್ ಲಿಫ್ಟ್ ಗೋಪುರವನ್ನು ಮುಟ್ಟುವುದೇ ಇಲ್ಲ. ಆದರೆ ಭಾರ ಎಲ್ಲೂ ಮಾಯ ಆಗುವುದಿಲ್ಲ, ನೆಲಕ್ಕೆ ಹೋಗುತ್ತದೆ. 60 ಅಡಿ ಮುಟ್ಟುವ ಯಂತ್ರ ಸಾಮಾನ್ಯವಾಗಿ 7ರಿಂದ 10 ಟನ್ ತೂಗುತ್ತದೆ. ತೋಳು ಒಂದು ಕಡೆಗೆ ಚಾಚಿದಾಗ ಹೆಚ್ಚುಕಡಿಮೆ ಅರ್ಧ ಭಾರ ಒಂದೇ ಚಕ್ರದ ಕೆಳಗೆ ಬೀಳಬಹುದು. ದೇವಸ್ಥಾನದ ಮುಂದಿನ ಕಲ್ಲು ಚಪ್ಪಡಿಗಳ ಕೆಳಗೆ ಏನಿದೆ ಅಂತ ನಿಮಗೆ ಗೊತ್ತೇ? ಅಭಿಷೇಕದ ನೀರು ಹೋಗುವ ಹಳೇ ಚರಂಡಿ? ಮುಚ್ಚಿಹೋದ ಬಾವಿ?

ಹಳೇ ಮೈಸೂರು ಕಡೆಯ ಒಂದು ದೇವಸ್ಥಾನದಲ್ಲಿ ನನ್ನ ಕಣ್ಣೆದುರೇ ಹೀಗಾಯಿತು. ಆಗ ತಂದಿದ್ದು ಬೂಮ್ ಲಿಫ್ಟ್ ಅಲ್ಲ, ಕಾಲು ಊರಿ ನಿಲ್ಲುವ ಕ್ರೇನ್. ಹಿಂದಿನ ಎಡಗಾಲು ಊರಿದ್ದ ಚಪ್ಪಡಿ ‘ಟಪ್’ ಅಂತ ಸದ್ದು ಮಾಡಿ ನಡುವಿಗೆ ಸೀಳಿತು. ಕೆಳಗೆ ಎರಡಡಿ ಆಳದ ಚರಂಡಿ. ಕಾಲು ಒಂದು ಅಡಿ ಕುಸಿಯಿತು ಅಷ್ಟೆ. ಆದರೆ ಮೇಲೆ ತೋಳಿನ ತುದಿ ಏಳೆಂಟು ಅಡಿ ಬೀಸಿತು. ಎರಡನೇ ಅಂತಸ್ತಿನ ದ್ವಾರಪಾಲಕನ ಗದೆ, ಮುಂಗೈ ಸಮೇತ ಬಂದು ನಮ್ಮ ಮುಂದೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಅವತ್ತಿನಿಂದ ಯಂತ್ರ ಬರುವ ದಾರಿ ಪೂರ್ತಿ ಚಪ್ಪಡಿಗಳನ್ನು ಕಬ್ಬಿಣದ ಸಲಾಕೆಯಿಂದ ತಟ್ಟಿ, ಸದ್ದು ಕೇಳಿಸಿಕೊಳ್ಳದೆ ನಾನು ಯಾವ ಯಂತ್ರವನ್ನೂ ಒಳಗೆ ಬಿಟ್ಟಿಲ್ಲ. ಟೊಳ್ಳು ಸದ್ದು ಬಂದ ಚಪ್ಪಡಿ ಮೇಲೆ ಸುಣ್ಣದಲ್ಲಿ ಗುರುತು ಹಾಕಿಸುತ್ತೇನೆ.

ಇನ್ನು ‘ಎರಡು ವಾರ’. ಬುಟ್ಟಿಯಲ್ಲಿ ಇಬ್ಬರು ಮತ್ತು ಅವರ ಸಾಮಾನು ಹಿಡಿಯುತ್ತದೆ, ಒಟ್ಟು ಸುಮಾರು 230 ಕೆಜಿ. ಸುಣ್ಣದ ಗಾರೆಯನ್ನು ಒಂದೇ ಸಲಕ್ಕೆ ದಪ್ಪ ಮೆತ್ತಲು ಆಗುವುದಿಲ್ಲ. ಒಂದು ಪದರ ಹಾಕಬೇಕು, ನೀರು ಚಿಮುಕಿಸುತ್ತಾ ಕಾಯಬೇಕು, ಬಿಸಿಲಿಗೆ ಗೋಣಿ ಇಳಿಬಿಡಬೇಕು, ಆಮೇಲೆ ಮುಂದಿನ ಪದರ. ಒಂದು ಗೊಂಬೆಯ ತೋಳಿಗೆ ಕೈಯಾಳು ಹತ್ತು ಸಲ ಹೋಗಿಬರಬೇಕಾಗುತ್ತದೆ. ಬುಟ್ಟಿಯಲ್ಲಿ ನಿಂತು ಇದನ್ನು ಮಾಡುವುದೆಂದರೆ ದಿನದ ಬಾಡಿಗೆ ಕಟ್ಟಿ ಗಾರೆ ಒಣಗುವುದನ್ನು ಕಾದಂತೆ. ಅವಸರಕ್ಕೆ ಬಿದ್ದವರು ಆಮೇಲೆ ಸಿಮೆಂಟ್‌ಗೆ ಕೈ ಹಾಕುತ್ತಾರೆ. ಗೋಪುರಗಳ ಮೇಲೆ ಸಿಮೆಂಟ್ ಕಂಡಾಗಲೆಲ್ಲ ನನಗೆ ಅನುಮಾನ ಬರುವುದು ಬಾಡಿಗೆ ಯಂತ್ರದ ಮೇಲೇ.

ಹಾಗಂತ ಅದನ್ನು ಪೂರ್ತಿ ಬೇಡ ಅನ್ನುವುದಿಲ್ಲ. ನೆಲ ಗಟ್ಟಿಯಿದ್ದು, ಬೀದಿ ಅಗಲ ಇದ್ದು, ವಿದ್ಯುತ್ ತಂತಿ ದೂರ ಇದ್ದರೆ ಎರಡು ದಿನದ ಮಟ್ಟಿಗೆ ತರಿಸಿ. ಕೆಲಸಕ್ಕಲ್ಲ, ನೋಡುವುದಕ್ಕೆ. ಇಬ್ಬರು ಮೇಲೆ ಹೋಗಿ, ಮರದ ಸುತ್ತಿಗೆಯಿಂದ ಪ್ರತಿ ಗೊಂಬೆಯನ್ನೂ ಮೆಲ್ಲಗೆ ತಟ್ಟಿ, ಟೊಳ್ಳೋ ಗಟ್ಟಿಯೋ ಅಂತ ಫೋಟೋ ಮೇಲೆ ಗುರುತು ಹಾಕಿಕೊಂಡು ಬರಲಿ. ಆ ಪಟ್ಟಿ ಇಲ್ಲದೆ ಗುತ್ತಿಗೆ ಮಾತಾಡಬೇಡಿ. ಎಷ್ಟೋ ಸಲ ಕೆಳಗಿನಿಂದ ‘ಎಲ್ಲಾ ಹೋಗಿದೆ’ ಅಂತ ಕಂಡದ್ದು ಮೇಲೆ ಹೋದರೆ ಬರೀ ಬಣ್ಣ ಎದ್ದದ್ದಾಗಿರುತ್ತದೆ. ಡ್ರೋನ್ ಇನ್ನೂ ಅಗ್ಗ, ಮೊದಲ ನೋಟಕ್ಕೆ ಒಳ್ಳೆಯದೇ. ಆದರೆ ಅದು ತಟ್ಟಿ ಸದ್ದು ಕೇಳುವುದಿಲ್ಲವಲ್ಲ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಹಗ್ಗದಲ್ಲಿ ಇಳಿಯುವ ವಿದ್ಯೆಯೂ ಇದೆ. ಅದಕ್ಕೆ ತರಬೇತಿ ಪಡೆದವರೇ ಬೇಕು. ಪ್ರತಿಯೊಬ್ಬರಿಗೂ ಎರಡು ಹಗ್ಗ, ಎರಡಕ್ಕೂ ಬೇರೆ ಬೇರೆ ಹಿಡಿತ. ಪ್ಯಾರಿಸ್‌ನ ನೊತ್ರ್ ದಾಮ್ ಚರ್ಚಿಗೆ 2019ರ ಏಪ್ರಿಲ್‌ನಲ್ಲಿ ಬೆಂಕಿ ಬಿದ್ದಾಗ ದುರಸ್ತಿಯ ಸಾರುವೆ ಇನ್ನೂ ಮೇಲೇ ಇತ್ತು. ಸುಮಾರು 40,000 ಪೈಪ್ ತುಂಡು, 200 ಟನ್. ಬೆಂಕಿಗೆ ಒಂದಕ್ಕೊಂದು ಬೆಸೆದುಕೊಂಡಿದ್ದವು. ಹಗ್ಗದಲ್ಲಿ ಇಳಿದ ಕೆಲಸಗಾರರು 2020ರ ಜೂನ್‌ನಿಂದ ನವೆಂಬರ್‌ವರೆಗೆ ಕೂತು ಅದನ್ನು ಕತ್ತರಿಸಿ ತೆಗೆದರು. ಬೇರೆ ಯಾವ ದಾರಿಯೂ ಇಲ್ಲದ ಕಡೆ ಹಗ್ಗ ಅಂದರೆ ಹಗ್ಗವೇ. ನಿಮ್ಮಲ್ಲಿ ತೊಡಕು ಏನೆಂದರೆ ಹಗ್ಗ ಕಟ್ಟುವುದು ಎಲ್ಲಿಗೆ? ಯಾರಾದರೂ ಕಳಶದ ಕಡೆ ಕೈ ತೋರಿಸಿದರೆ ಅವರನ್ನು ಅಲ್ಲಿಂದಲೇ ವಾಪಸ್ ಕಳಿಸಿ. ಕಳಶ ನಿಂತಿರುವುದು ಒಂದು ಸರಳಿನ ಮೇಲೆ, ಆ ಸರಳು ನಿಂತಿರುವುದು ಗೋಪುರದ ಅತ್ಯಂತ ಸೋತ ಜಾಗದಲ್ಲಿ.

ಹಾಗಾದರೆ ಏನು ಮಾಡುವುದು?

ನನ್ನ ಸಲಹೆ ಪೈಪ್ ಸಾರುವೆ. ಆದರೆ ಗುತ್ತಿಗೆದಾರರು ಹೇಳಿದ ಥರ ಅಲ್ಲ. ಎರಡು ಸಾಲು ಕಾಲುಗಳ, ಸುತ್ತಲೂ ಕೂಡಿಕೊಂಡಿರುವ, ತನ್ನ ಕಾಲ ಮೇಲೆ ತಾನೇ ನಿಲ್ಲುವ ಸಾರುವೆ.

ಗೋಪುರದ ತೊಡಕು ಅದರ ಆಕಾರ. ನೀವು ಪತ್ರದ ಜೊತೆ ಕಳಿಸಿದ ಅಳತೆ ಪ್ರಕಾರ ಇಟ್ಟಿಗೆ ಭಾಗದ ಬುಡ 30 ಅಡಿಗೆ 22 ಅಡಿ, ತುದಿ 16ಕ್ಕೆ 8. ಅಂದರೆ ಒಂದೊಂದು ಬದಿಯಲ್ಲೂ ಗೋಪುರ 7 ಅಡಿ ಒಳಗೆ ಸರಿಯುತ್ತದೆ. ಸಾರುವೆ ನೆಟ್ಟಗೆ ಮೇಲೆ ಹೋದರೆ ತುದಿಯಲ್ಲಿ ಕೆಲಸಗಾರನಿಗೂ ಗೊಂಬೆಗೂ ನಡುವೆ 7 ಅಡಿ ಬಾಯಿ ತೆರೆದಿರುತ್ತದೆ. ಆಗ ಸುಲಭದ ದಾರಿ ಅಂತ ಏನು ಮಾಡುತ್ತಾರೆ ಗೊತ್ತೇ? ಒಳಗಿನ ಕಾಲುಗಳನ್ನು ಒಂದೊಂದು ಅಂತಸ್ತಿನ ಅಂಚಿನ ಮೇಲೆ ಊರುತ್ತಾರೆ. ಆ ಅಂಚು ಅಂದರೆ ಹೊರಗೆ ಚಾಚಿದ ಇಟ್ಟಿಗೆ, ಅದರ ಮೇಲೆ ಗಾರೆ. ನೆರಳಿಗೆ, ನೀರು ಆಚೆ ಬೀಳಲಿ ಅಂತ ಮಾಡಿದ್ದು. ಕಾಲು ಊರುವುದಕ್ಕಲ್ಲ.

ಒಂದು ಕಾಲಿನ ಭಾರ ಎಷ್ಟಿರಬಹುದು, ಸುಮ್ನೆ ಕೈಲೆಕ್ಕ ಹಾಕೋಣ. ಸಾಮಾನ್ಯ ಸಾರುವೆ ಪೈಪಿನ ಹೊರವ್ಯಾಸ 48 ಮಿಮೀ, ಮೀಟರಿಗೆ ಸುಮಾರು 4 ಕೆಜಿ. 18 ಮೀಟರ್ ಕಾಲೇ 70 ಕೆಜಿ ಆಯಿತು. ಅದಕ್ಕೆ ಸೇರುವ ಅಡ್ಡಪೈಪ್, ಓರೆಪೈಪ್, ಕ್ಲಾಂಪ್, ಹಲಗೆ ಎಲ್ಲಾ ಸೇರಿ ಇನ್ನೂ 200 ಕೆಜಿ. ಎರಡು ಮಟ್ಟದಲ್ಲಿ ಜನ, ಗಾರೆ ಬಾಣಲಿ, ಇಟ್ಟಿಗೆ ಇದ್ದರೆ ಒಂದು ಕಾಲಿನ ಪಾಲಿಗೆ ಮತ್ತೆ 300. ಒಟ್ಟು ಅರ್ಧ ಟನ್ ದಾಟಿತು. ಇಷ್ಟು ಭಾರ ನೆಲದಲ್ಲಾದರೂ ಬರೀ ಪೈಪಿನ ಬಾಯಿ ಮೇಲೆ ಇಳಿಯಬಾರದು. ಕೆಳಗೆ ಎತ್ತರ ಹೊಂದಿಸುವ ತಿರುಪಿನ ಜಾಕಿ, ಅದರ ಪ್ಲೇಟು, ಪ್ಲೇಟಿನ ಕೆಳಗೆ ಎರಡು ಕಾಲಿಗೂ ಕೂಡಿ ಬರುವಂಥ 9 ಅಂಗುಲ ಅಗಲದ ದಪ್ಪ ಹಲಗೆ ಬೇಕು. ಒಡೆದ ಇಟ್ಟಿಗೆ ಚೂರಿನ ಮೇಲೆ ಕಾಲು ನಿಲ್ಲಿಸಿದ್ದು ಕಂಡರೆ ಅವತ್ತೇ ಕೆಲಸ ನಿಲ್ಲಿಸಿ.

ಒಳಗೆ ಸರಿಯುವ ಗೋಪುರವನ್ನು ಹಿಂಬಾಲಿಸಲು ಸಾರುವೆಯಿಂದಲೇ ಒಳಗೆ ಚಾಚುವ ಬ್ರಾಕೆಟ್, ತ್ರಿಕೋನದ ಆಸರೆ, ಮೇಲೆ ಹೋದಂತೆ ಉದ್ದ ಆಗುವ ಅಡ್ಡಪೈಪ್ ಬೇಕು. ಕಪ್‌ಲಾಕ್, ಅಂದರೆ ಬಟ್ಟಲಿನಂಥ ಬೀಗದಲ್ಲಿ ಪೈಪ್ ಸಿಕ್ಕಿಸಿ ಕಟ್ಟುವ ಸಿದ್ಧ ಸಾರುವೆ, ಬೇಗ ನಿಲ್ಲುತ್ತದೆ, ಆದರೆ ಅದರ ಅಳತೆಗಳು ಮೊದಲೇ ಕಟ್ಟಿಟ್ಟವು. ಕೆಳಗಿನ ಕಲ್ಲಿನ 20 ಅಡಿಗೆ ಅದು ಸರಿ. ಮೇಲಿನ ಭಾಗಕ್ಕೆ ಪೈಪ್ ಮತ್ತು ಕ್ಲಾಂಪೇ ಬೇಕು; ಗೊಂಬೆಯ ಕಿರೀಟ ಅಡ್ಡ ಬಂದರೆ ಪೈಪನ್ನು ನಾಲ್ಕು ಅಂಗುಲ ಸರಿಸಬಹುದು. ಪೈಪಿನ ಒಳಗಿನ ತುದಿಗಳಿಗೆಲ್ಲ ಪ್ಲಾಸ್ಟಿಕ್ ಟೋಪಿ ಹಾಕಿಸಿ. ಸಿಗದಿದ್ದರೆ ಹಳೇ ಟೆನಿಸ್ ಚೆಂಡು ಸೀಳಿ ತುರುಕಿ. ನಗಬೇಡಿ, ಚೆನ್ನಾಗಿ ಕೆಲಸ ಮಾಡುತ್ತದೆ.

ಬೋಲ್ಟ್ ಇಲ್ಲದೆ ಗಾಳಿಗೆ ಹೇಗೆ ನಿಲ್ಲುತ್ತದೆ ಅಂತ ಗುತ್ತಿಗೆದಾರರು ಕೇಳುತ್ತಾರೆ. ಕೇಳಲೇಬೇಕು. 60 ಅಡಿಯ ಸಾರುವೆ ಏನನ್ನೂ ಹಿಡಿಯದೆ ನಿಂತರೆ ಅಪಾಯವೇ. ಉತ್ತರ ಗೋಪುರದಲ್ಲೇ ಇದೆ. ಪ್ರತಿ ಅಂತಸ್ತಿನ ನಡುವೆ, ಹಿಂದೆ ಮುಂದೆ ಎದುರುಬದುರಾಗಿ ಕಿರುಬಾಗಿಲು ಇವೆಯಲ್ಲ? ಮುಂದಿನ ಸಾರುವೆಯಿಂದ ಒಂದು ಜೋಡಿ ಪೈಪ್ ಆ ಬಾಗಿಲಿನಲ್ಲಿ ಒಳಗೆ ಹೋಗಿ, ಹಿಂದಿನ ಬಾಗಿಲಿನಲ್ಲಿ ಹೊರಗೆ ಬಂದು, ಹಿಂದಿನ ಸಾರುವೆಗೆ ಸೇರಲಿ. ಐದು ಅಂತಸ್ತಿನಲ್ಲೂ ಹೀಗೇ. ಮುಂದಿನ ಹಿಂದಿನ ಸಾರುವೆಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಗೋಪುರ ನಡುವೆ ಸುಮ್ನೆ ನಿಂತಿರುತ್ತದೆ. ಪೈಪ್ ಬಾಗಿಲಿನ ಚೌಕಟ್ಟಿಗೆ ತಾಗುವ ಕಡೆ ರಬ್ಬರ್ ಸುತ್ತಬೇಕು. ಜೊತೆಗೆ ಬುಡದಲ್ಲಿ ನಾಲ್ಕೂ ಕಡೆ ಓರೆ ಊರುಗೋಲು. ಒಳಗೆ ಅಟ್ಟದ ಮರದ ತೊಲೆಗಳಿರುತ್ತವೆ, ಅವುಗಳ ಮೇಲೆ ಪೈಪ್ ಕೂರಿಸಲೇಬೇಡಿ. ತೊಲೆ ನಡುವೆ ಗಟ್ಟಿ ಕಾಣುತ್ತದೆ. ಗೋಡೆಯೊಳಗೆ ಹೋದ ತುದಿ ಕೊಳೆತಿರುತ್ತದೆ. ಒಂದು ದಬ್ಬಳ ತೆಗೆದುಕೊಂಡು ಹೋಗಿ ತುದಿಗೆ ಚುಚ್ಚಿ ನೋಡಿ, ಎಷ್ಟು ಒಳಗೆ ಹೋಗುತ್ತದೆ ಅಂತ.

ಹಸಿರು ಬಲೆ ಸುತ್ತಲೂ ಬಿಗಿದರೆ ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಗಾಳಿಗೆ ಅದು ಹಾಯಿ ಇದ್ದಂತೆ. ಲೆಕ್ಕದಲ್ಲಿ ಬಲೆ ಸೇರಿಸಿದ್ದೀರಾ ಅಂತ ಕೇಳಿ. ಸೇರಿಸಿಲ್ಲ ಅಂದರೆ ಕೆಲಸ ನಡೆಯುವ ಮಟ್ಟಕ್ಕೆ ಮಾತ್ರ ಬಲೆ, ಗೋಣಿ ಸಾಕು.

ದೇವಸ್ಥಾನ ಮುಚ್ಚುವುದಿಲ್ಲ ತಾನೆ? ಹಾಗಿದ್ದರೆ ಹೆಬ್ಬಾಗಿಲಿನಲ್ಲಿ ಭಕ್ತರು ನಡೆಯುವ ದಾರಿಗೆ ಎರಡು ಪದರ ಹಲಗೆಯ ಚಾವಣಿ ಬೇಕು, ನಡುವೆ ತಗಡು. ಒಂದು ಕೆಜಿ ಗಾರೆ ತುಂಡು 50 ಅಡಿಯಿಂದ ಬಿದ್ದರೆ ಒಂದೇ ಹಲಗೆ ಸಾಲುವುದಿಲ್ಲ. ಉತ್ಸವಮೂರ್ತಿ ಅಡ್ಡೆಯ ಮೇಲೆ, ಕೊಡೆ ಸಮೇತ ಹೊರಗೆ ಬರುವಷ್ಟು ಎತ್ತರ ಇರಲಿ. ಇದನ್ನು ಮರೆತು, ಉತ್ಸವದ ದಿನ ಸಾರುವೆಯ ಅಡ್ಡಪೈಪ್ ಬಿಚ್ಚಿದ ಸಮಿತಿಯನ್ನು ನಾನು ನೋಡಿದ್ದೇನೆ. ಬಿಚ್ಚಿದವರು ಅರ್ಚಕರ ಕಡೆಯ ಹುಡುಗರು. ಆ ಪೈಪ್ ಏನು ಹೊತ್ತಿದೆ ಅಂತ ಅವರಿಗೇನು ಗೊತ್ತು?

ಆ ಬಿರುಕು

ಬೇರೆಲ್ಲ ಬಿಟ್ಟರೂ ಇದನ್ನು ಬಿಡಬೇಡಿ. 2010ರ ಮೇ 26ರಂದು ಶ್ರೀಕಾಳಹಸ್ತಿಯ ರಾಜಗೋಪುರ ಕುಸಿಯಿತು. 1516ರಲ್ಲಿ ಕೃಷ್ಣದೇವರಾಯ ಕಟ್ಟಿಸಿದ್ದು. ಅಲ್ಲೂ ಮೊದಲು ಕಂಡದ್ದು ಬಿರುಕೇ. ಜನರನ್ನು ಮೊದಲೇ ತೆರವು ಮಾಡಿದ್ದರಿಂದ ಪ್ರಾಣ ಉಳಿಯಿತು. ನಿಮ್ಮದು ಹಾಗೇ ಆಗುತ್ತದೆ ಅಂತ ಹೆದರಿಸುತ್ತಿಲ್ಲ. ಬೆರಳಗಲದ ಬಿರುಕು ನೂರು ವರ್ಷದಿಂದ ಹಾಗೇ ಇರಬಹುದು, ಕಳೆದ ವರ್ಷ ಶುರುವಾಗಿರಲೂಬಹುದು. ನೋಡಿದ ಮಾತ್ರಕ್ಕೆ ಗೊತ್ತಾಗುವುದಿಲ್ಲ.

ಗೊತ್ತು ಮಾಡಿಕೊಳ್ಳಲು ಹಳೇ ಉಪಾಯ ಇದೆ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಗಾರೆ ಮೆತ್ತಿ ಕೂರಿಸಿ. ಪಕ್ಕದಲ್ಲಿ ತಾರೀಕು ಬರೆಯಿರಿ. ಬಿರುಕು ಕೂದಲಷ್ಟು ಅಲುಗಿದರೂ ಗಾಜು ಒಡೆಯುತ್ತದೆ. ಉತ್ತರದ ಬದಿಗೆ ಹತ್ತಿರದ ಕಿರುಬಾಗಿಲಿನಿಂದ ಕೈಗೆ ಸಿಗುವ ಕಡೆ ಮೂರು ಪಟ್ಟಿ ಸಾಕು. ಅಲ್ಲಿಗೆ ಹೋಗುವವನು ಒಳಗಿನ ಅಟ್ಟ ನಂಬಿ ಹೋಗಬಾರದು, ಬಾಗಿಲೊಳಗೆ ಹೊಸ ಹಲಗೆ ಹಾಸಿಕೊಂಡು ಹೋಗಲಿ. ಈಗ ಆಷಾಢ. ಮಳೆಗಾಲ ಮುಗಿಯುವವರೆಗೆ ವಾರಕ್ಕೊಮ್ಮೆ ನೋಡಿ. ಒಂದು ಗಾಜು ಒಡೆದರೂ ಸಾರುವೆ ಮಾತು ಆಮೇಲೆ, ಮೊದಲು ರಚನೆ ಗೊತ್ತಿರುವ ಇಂಜಿನಿಯರ್ ಬರಲಿ. ಅಂಥ ಸ್ಥಿತಿಯಲ್ಲಿ ಸಾರುವೆ ಬರೀ ಹತ್ತುವುದಕ್ಕಲ್ಲ, ಗೋಪುರಕ್ಕೇ ಊರುಗೋಲು ಆಗಬೇಕಾಗಬಹುದು. ಅದು ಬೇರೆಯೇ ಲೆಕ್ಕ.

ಅರಳಿ ಗಿಡಗಳನ್ನು ಈಗಲೇ ಕೀಳಲು ಯಾರನ್ನೂ ಹತ್ತಿಸಬೇಡಿ. ಬೇರು ಸಮೇತ ಎಳೆದರೆ ಅದು ಹಿಡಿದಿರುವ ಇಟ್ಟಿಗೆಯೂ ಬರುತ್ತದೆ, ಎಳೆದವನೂ ಬರುತ್ತಾನೆ. ಸಾರುವೆ ನಿಂತ ಮೇಲೆ ಬುಡಕ್ಕೆ ಕತ್ತರಿಸಿ, ಔಷಧಿ ಹಚ್ಚಿ, ಬೇರು ಸತ್ತ ಮೇಲೆ ಬಿಡಿಸಿದರಾಯಿತು.

ಜನರ ಬಗ್ಗೆ

‘ಬೆಲ್ಟ್ ಹಾಕಿಸುತ್ತೇವೆ ಸಾರ್’ ಅನ್ನುವುದು ಎಲ್ಲ ಗುತ್ತಿಗೆದಾರರ ಮೊದಲ ಮಾತು. ಸೊಂಟದ ಬೆಲ್ಟ್ ಬೇಡ. ಬಿದ್ದರೆ ಅದೇ ಬೆನ್ನು ಮುರಿಯುತ್ತದೆ. ಮೈಪೂರ್ತಿ ಹಿಡಿಯುವ ಹಾರ್ನೆಸ್ ಬೇಕು. ಅದೂ ಎಲ್ಲ ಕಡೆ ಉಳಿಸುವುದಿಲ್ಲ. 6 ಅಡಿ ಹಗ್ಗ, ಬಿದ್ದಾಗ ಎಳೆತ ತಗ್ಗಿಸುವ ಪಟ್ಟಿ ಬಿಚ್ಚಿಕೊಳ್ಳಲು ಇನ್ನೊಂದು 4 ಅಡಿ, ನೇತಾಡುವ ಮನುಷ್ಯನ ಉದ್ದ 5 ಅಡಿ, ಮೇಲೆ ಒಂದಿಷ್ಟು ಉಳಿಕೆ. ಕೊಕ್ಕೆ ಹಾಕಿದ ಜಾಗದಿಂದ ಕೆಳಗೆ 18 ಅಡಿ ಬೇಕಾಯಿತು. 12 ಅಡಿ ಎತ್ತರದಲ್ಲಿ ಕಾಲ ಬಳಿ ಕೊಕ್ಕೆ ಹಾಕಿಕೊಂಡವನು ಆ ಪಟ್ಟಿ ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ನೆಲ ಮುಟ್ಟಿರುತ್ತಾನೆ. ಹಾಗಾಗಿ ಮೊದಲು ಬೀಳದ ಹಾಗೆ ಮಾಡಿ. ಸಂದಿಲ್ಲದ ಹಲಗೆ, ಸೊಂಟದೆತ್ತರಕ್ಕೆ ಮತ್ತು ಮೊಣಕಾಲೆತ್ತರಕ್ಕೆ ಕಟಕಟೆ, ಕಾಲ ಬಳಿ 6 ಅಂಗುಲದ ಅಡ್ಡ ಹಲಗೆ, ಒಳಗಡೆಯೇ ಏಣಿ. ಹಾರ್ನೆಸ್ ಆಮೇಲೆ.

ಹೆಜ್ಜೇನು ಇದೆಯೇ ನೋಡಿ. ಪತ್ರದಲ್ಲಿ ನೀವು ಬರೆದಿಲ್ಲ, ಆದರೆ ಇಂಥ ಗೋಪುರದ ಚಾಚಿನ ಕೆಳಗೆ ಹುಟ್ಟು ಇರುವುದು ಮಾಮೂಲು. ಪೈಪ್ ಪೈಪಿಗೆ ಬಡಿದ ಸದ್ದಿಗೆ ಎದ್ದರೆ 50 ಅಡಿ ಮೇಲಿನವನು ಓಡುವುದೆಲ್ಲಿಗೆ? ಹಾರ್ನೆಸ್ ಇದ್ದರೆ ಓಡಲೂ ಆಗುವುದಿಲ್ಲ. ಹಗಲು ಹೊಗೆ ಹಾಕುವ ಸಾಹಸ ಬೇಡ. ಋತು ನೋಡಿ ಬಂದು ಹೋಗುವ ಹುಳ ಅದು. ಹೋಗುವವರೆಗೆ ಆ ಬದಿಯ ಕೆಲಸ ಮುಂದಕ್ಕೆ ಹಾಕಿ, ಇಲ್ಲವೇ ಬಲ್ಲವರಿಂದ ರಾತ್ರಿ ಹೊತ್ತು ಬಿಡಿಸಿ.

ಇನ್ನು ಸಣ್ಣವು. ಸಂಜೆ ಕೆಳಗಿನ ಏಣಿ ತೆಗೆದು ಬೀಗ ಹಾಕಿಡಿ, ಇಲ್ಲದಿದ್ದರೆ ಸೆಲ್ಫಿಗೆ ಹತ್ತುವವರು ಇದ್ದೇ ಇರುತ್ತಾರೆ. ಕಬ್ಬಿಣದ ಸಾರುವೆಗೆ ಅರ್ಥಿಂಗ್ ಮಾಡಿಸಿ, ಗುಡುಗು ಕೇಳಿದರೆ ಎಲ್ಲರೂ ಕೆಳಗೆ. ವಿದ್ಯುತ್ ತಂತಿ ಹತ್ತಿರ ಇದ್ದರೆ ನಿಮ್ಮ ಕಡೆಯ ವಿದ್ಯುತ್ ಕಂಪನಿ ಸೆಸ್ಕ್‌ಗೆ ಮೊದಲೇ ಅರ್ಜಿ ಕೊಡಿ. ವಾರಕ್ಕೊಮ್ಮೆ, ಮತ್ತು ಪ್ರತಿ ಜೋರು ಗಾಳಿಮಳೆ ಆದ ಮೇಲೆ ಪರೀಕ್ಷೆ ಮಾಡಿ ಒಂದು ಪುಸ್ತಕದಲ್ಲಿ ಸಹಿ ಹಾಕಿಸಿ. ಸಾರುವೆಗೆ ಐಎಸ್ 3696 ಅನ್ನುವ ಭಾರತೀಯ ಮಾನಕ ಇದೆ. ‘ಅದರ ಪ್ರಕಾರ ನಕ್ಷೆ, ಒಂದೊಂದು ಕಾಲಿನ ಭಾರ ಬರೆದು ಕೊಡಿ’ ಅಂತ ಕೇಳಿ. ಕೊಡಲು ಆಗದವರಿಗೆ ಕೆಲಸ ಕೊಡಬೇಡಿ. ಬಿಚ್ಚುವ ದಿನ ಹೆಚ್ಚು ಹುಷಾರಾಗಿರಿ, ಹೊಸದಾಗಿ ಮಾಡಿದ ಗೊಂಬೆ ಮುರಿಯುವುದು ಅವತ್ತೇ. ಪೈಪ್ ಎಸೆಯುವಂತಿಲ್ಲ, ಹಗ್ಗದಲ್ಲಿ ಇಳಿಸಬೇಕು ಅಂತ ಕರಾರಿನಲ್ಲೇ ಬರೆಸಿ.

ಅನುಮತಿ ಬಗ್ಗೆ ಎರಡು ಮಾತು. ದೇವಸ್ಥಾನ ಕೇಂದ್ರ ಅಥವಾ ರಾಜ್ಯ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕವೇ ಅಂತ ಮೊದಲು ತಿಳಿದುಕೊಳ್ಳಿ. ಆಗಿದ್ದರೆ ಕಂಬ ನೆಡುವ ಮೊದಲೇ ಅವರ ಅನುಮತಿ ಬೇಕು. ಮುಜರಾಯಿಗೆ ಸೇರಿದ್ದರೆ ಆ ಇಲಾಖೆಯ ಒಪ್ಪಿಗೆ. ಯಾವುದೂ ಅಲ್ಲದಿದ್ದರೂ, ಕೇಂದ್ರ ರಕ್ಷಿತ ಸ್ಮಾರಕ 100 ಮೀಟರ್ ಒಳಗಿದ್ದರೆ, ಅದರಾಚೆಯ 200 ಮೀಟರ್‌ನಲ್ಲಿದ್ದರೂ ಕೂಡ, ದುರಸ್ತಿಗೆ ಅನುಮತಿ ತೆಗೆದುಕೊಳ್ಳಬೇಕಾಗುತ್ತದೆ.

ತೇರಿನ ಹೊತ್ತಿಗೆ ಮುಗಿಯುತ್ತದೆಯೇ?

ಪೂರ್ತಿ ಮುಗಿಯುವುದಿಲ್ಲ. ಸಮಿತಿಗೆ ಈಗಲೇ ಹೇಳಿಬಿಡಿ. ಆಷಾಢದ ಗಾಳಿಗೆ ಸಾರುವೆ ನಿಲ್ಲಿಸುವುದು ಬೇಡ, ಆಮೇಲೆ ಹಿಂಗಾರು ಮಳೆ. ದೀಪಾವಳಿ ಮುಗಿದ ಮರುವಾರ ನಿಲ್ಲಿಸಲು ಶುರು ಮಾಡಿದರೆ ಬೀದಿ ಕಡೆಯ ಮುಖವನ್ನು ಮೊದಲು ಹಿಡಿದು, ಫೆಬ್ರವರಿ ನಡುವಿನ ಹೊತ್ತಿಗೆ ಆ ಕಡೆ ಬಿಚ್ಚಬಹುದು. ಉಳಿದ ಮೂರು ಬದಿ ತೇರು ಕಳೆದ ಮೇಲೆ.

ಇದರಲ್ಲಿ ಒಂದು ತೊಡಕಿದೆ. ಕಿರುಬಾಗಿಲಿನ ಪೈಪ್‌ಗಳು ಹಿಡಿದಿರುವುದು ಮುಂದಿನ ಹಿಂದಿನ ಸಾರುವೆಗಳನ್ನು. ಮುಂದಿನದು ಹೋದರೆ ಹಿಂದಿನದಕ್ಕೆ ಆಸರೆ ಇಲ್ಲ. ಆಗ ಮೂರು ಬದಿಯೂ ಮೂಲೆಗಳಲ್ಲಿ ಬಿಗಿಯಾಗಿ ಕೂಡಿಕೊಂಡು, ಹೆಚ್ಚಿನ ಊರುಗೋಲಿನ ಮೇಲೆ ನಿಲ್ಲಬೇಕು. ಇದು ಮೊದಲ ದಿನದ ನಕ್ಷೆಯಲ್ಲೇ ಇರಬೇಕು, ಫೆಬ್ರವರಿಯಲ್ಲಿ ಯೋಚಿಸುವ ವಿಷಯ ಅಲ್ಲ. ಬದಿಯ ಊರುಗೋಲುಗಳು ಗೋಪುರದಿಂದ ಹತ್ತು ಹನ್ನೆರಡು ಅಡಿ ಆಚೆಗೆ ಬರುತ್ತವೆ. ತೇರು ತಿರುಗುವ ಮೂಲೆ ಅದೇ ಅಲ್ವಾ? ತೇರಿನ ಅಚ್ಚು ಈ ತುದಿಯಿಂದ ಆ ತುದಿಗೆ ಎಷ್ಟು ಅಡಿ, ಮೂಲೆಯಲ್ಲಿ ಸನ್ನೆಮರ ಹಾಕುವವರು ಎಷ್ಟು ಜಾಗ ಹಿಡಿಯುತ್ತಾರೆ ಅಂತ ಅಳೆದು ಕಳಿಸಿ. ಜೊತೆಗೆ ಐದೂ ಅಂತಸ್ತಿನ ಕಿರುಬಾಗಿಲುಗಳ ಅಗಲ, ಎತ್ತರ. ಉತ್ತರದ ಊರುಗೋಲು ಎಲ್ಲಿ ಊರಬಹುದು ಅನ್ನುವುದನ್ನು ಆಗ ಹೇಳುತ್ತೇನೆ.